ಕೂದಲೆಳೆಯ ಅಂಚಿನಲ್ಲಿ ವಿಷುಯಲ್ ಎಫೆಕ್ಟ್ಸ್ ಚರಿತ್ರೆ

ವಿಷುಯಲ್ ಎಫೆಕ್ಟ್ಸ್ ಎಂದೊಡನೆ ಡೈನೋಸಾರ್, ಸ್ಫೋಟ, ಅಂತರಿಕ್ಷ ನೌಕೆಗಳು ಕಣ್ಣ ಮುಂದೆ ಬರುವುದು ಸಹಜ. ಆದರೆ ಕಂಪೋಸಿಟಿಂಗ್, ಅಂದರೆ ಬೇರೆ ಬೇರೆ ದೃಶ್ಯಗಳನ್ನು ಒಂದಾಗಿ ಬೆಸೆಯುವ ಕೆಲಸ, ಮಾಡುತ್ತ ದಿನ ಕಳೆಯುವ ನನ್ನಂಥವರಿಗೆ ಈ ಕಲೆಯ ಚರಿತ್ರೆಯೆಂದರೆ, ಬೇರೆ ಬೇರೆ ಕಡೆ ಚಿತ್ರೀಕರಿಸಿದ ಎರಡು ದೃಶ್ಯಗಳು ಒಂದೇ ಫ್ರೇಮಿನಲ್ಲಿ ಕೂಡುವ ಅಂಚನ್ನು ಮರೆಮಾಚಲು ನೂರು ವರ್ಷಕ್ಕೂ ಮಿಕ್ಕಿ ನಡೆದ ಹೆಣಗಾಟ.

1903ರ ‘ದಿ ಗ್ರೇಟ್ ಟ್ರೇನ್ ರಾಬರಿ’ಯಲ್ಲಿ ತಂತಿ ಕಚೇರಿಯ ಕಿಟಕಿಯಾಚೆ ರೈಲೊಂದು ಕಾಣುತ್ತದೆ. ಫಿಲಂನ ಒಂದು ಭಾಗಕ್ಕೆ ಬೆಳಕು ತಾಗದಂತೆ ಮರೆ ಹಿಡಿದು, ಬೆಳಕು ಕಾಣದೆ ಉಳಿದ ಆ ಜಾಗದಲ್ಲಿ ಇನ್ನೊಂದು ದೃಶ್ಯವನ್ನು ಮೂಡಿಸುವ ಈ ಉಪಾಯಕ್ಕೆ ಮ್ಯಾಟ್ ಎಂದು ಹೆಸರು. ಮರೆ ಅಲುಗಾಡದ ಕಾರಣ ನಟರು ಅದರ ಗೆರೆಯನ್ನು ದಾಟುವಂತಿರಲಿಲ್ಲ.

ನಟನೊಂದಿಗೇ ಚಲಿಸುವ ಮ್ಯಾಟ್ ಬೇಕೆಂದಾಗ ನೀಲಿ ಪರದೆ ಬಂತು: ನಟನ ಹಿಂದಿನ ನೀಲಿಯನ್ನು ಬೇರ್ಪಡಿಸಿ, ಅವನ ಆಕೃತಿಯದೇ ಮ್ಯಾಟ್ ಪಡೆಯುವ ಉಪಾಯ. 1940ರ ‘ದಿ ಥೀಫ್ ಆಫ್ ಬಗ್ದಾದ್’ ಚಿತ್ರದಲ್ಲಿ ಲಾರೆನ್ಸ್ ಬಟ್ಲರ್ ಅದನ್ನು ಟೆಕ್ನಿಕಲರ್ ಎಂಬ ಬಣ್ಣದ ಚಿತ್ರೀಕರಣ ವಿಧಾನಕ್ಕೆ ಒಗ್ಗಿಸಿದರು. ಆಕೃತಿಗಳ ಸುತ್ತ ಅಂಟಿಕೊಳ್ಳುತ್ತಿದ್ದ ನೀಲಿ ಗೆರೆ ಮಾತ್ರ ಗುಟ್ಟು ಬಿಟ್ಟುಕೊಡುತ್ತಿತ್ತು. ಕೂದಲು, ಹೊಗೆ, ಗಾಜುಗಳಂತೂ ದೊಡ್ಡ ತಲೆನೋವು. 1964ರ ‘ಮೇರಿ ಪಾಪಿನ್ಸ್’ಗೆ ಬಳಸಿದ ಸೋಡಿಯಂ ವಿಧಾನವನ್ನು ನಾನು ಇಂದಿಗೂ ಬೆರಗಿನಿಂದ ನೋಡುತ್ತೇನೆ. ಸುಮಾರು 589 ನ್ಯಾನೋಮೀಟರ್ ತರಂಗಾಂತರದ ಹಳದಿ ಬೆಳಕಿನಲ್ಲಿ ಪರದೆಯನ್ನು ಬೆಳಗಿಸಿ, ಕ್ಯಾಮೆರಾದೊಳಗಿನ ಪ್ರಿಸಂ ಮೂಲಕ ಆ ಬೆಳಕನ್ನಷ್ಟೇ ಬೇರೆಯಾದ ಕಪ್ಪು-ಬಿಳುಪು ಫಿಲಂಗೆ ಹರಿಸಿದ್ದರಿಂದ, ಚಿತ್ರೀಕರಣದ ಹೊತ್ತಿಗೇ ಮ್ಯಾಟ್ ಸಿದ್ಧವಾಗುತ್ತಿತ್ತು. ಟೋಪಿಯ ತೆಳು ಜಾಲರಿಯೂ ಅದರಲ್ಲಿ ಉಳಿಯಿತು.

ಹೀಗೆ ಬೇರೆ ಬೇರೆಯಾಗಿ ತೆಗೆದ ಪದರಗಳನ್ನು ಒಂದಾಗಿಸುತ್ತಿದ್ದುದು ಆಪ್ಟಿಕಲ್ ಪ್ರಿಂಟರ್, ಅಂದರೆ ಒಂದು ಫಿಲಂನ ಚಿತ್ರವನ್ನು ಇನ್ನೊಂದು ಫಿಲಂಗೆ ನಕಲಿಸುವ ಯಂತ್ರ. ನಕಲಿನ ಮೇಲೆ ನಕಲು ತೆಗೆದಂತೆಲ್ಲ ಚಿತ್ರ ಮಸುಕಾಗಿ ಗ್ರೇನ್, ಅಂದರೆ ಫಿಲಂನ ಕಣಕಣದಂಥ ಒರಟುತನ, ಹೆಚ್ಚುತ್ತಿತ್ತು. 1977ರ ‘ಸ್ಟಾರ್ ವಾರ್ಸ್’ ತಂಡ ಎಫೆಕ್ಟ್ಸ್ ದೃಶ್ಯಗಳಿಗೆ ಫಿಲಂ ಅಡ್ಡಡ್ಡವಾಗಿ ಓಡಿ ದೊಡ್ಡ ನೆಗೆಟಿವ್ ಕೊಡುವ ಹಳೆಯ ವಿಸ್ಟಾವಿಷನ್ ಕ್ಯಾಮೆರಾಗಳನ್ನು ಹುಡುಕಿ ತಂದದ್ದು ಈ ಕಾರಣಕ್ಕೆ: ನೆಗೆಟಿವ್ ದೊಡ್ಡದಾದಷ್ಟೂ ನಕಲಿನ ನಷ್ಟವನ್ನು ತಾಳಿಕೊಳ್ಳುತ್ತದೆ.

ಕಂಪ್ಯೂಟರ್ ಈ ನಷ್ಟವನ್ನು ಇಲ್ಲವಾಗಿಸಿತಾದರೂ ಅಂಚಿನ ಸಮಸ್ಯೆ ಹಾಗೆಯೇ ಉಳಿಯಿತು. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದ ಪ್ರಬಂಧ, ಪ್ರತಿ ಪಿಕ್ಸೆಲ್‌ನೊಡನೆ ಆಲ್ಫಾ ಎಂಬ ಸಂಖ್ಯೆಯನ್ನಿಟ್ಟು ಪದರಗಳನ್ನು ಬೆರೆಸುವ ಗಣಿತವನ್ನು ಸ್ಪಷ್ಟಪಡಿಸಿತು. ಕೂದಲಿನ ಎಳೆಯೊಂದು ಪಿಕ್ಸೆಲ್‌ನ ಶೇ 40ರಷ್ಟು ಜಾಗವನ್ನು ತುಂಬಿದರೆ ಅದರ ಆಲ್ಫಾ 0.4, ಮಿಕ್ಕಿದ್ದು ಹಿನ್ನೆಲೆಯ ಪಾಲು.

ಇಂದು ಹಸಿರು ಪರದೆಯೇ ಹೆಚ್ಚು ಬಳಕೆಯಲ್ಲಿದೆ. ಸಾಮಾನ್ಯ ಡಿಜಿಟಲ್ ಸೆನ್ಸರ್‌ಗಳಲ್ಲಿ ಅರ್ಧದಷ್ಟು ಬಿಂದುಗಳು ಹಸಿರನ್ನು ಗ್ರಹಿಸುವುದರಿಂದ ಆ ಬಣ್ಣದ ವಿವರ ಸ್ವಚ್ಛವಾಗಿ ಸಿಗುತ್ತದೆ. ಆದರೆ ನಟ ಪರದೆಗೆ ತೀರಾ ಹತ್ತಿರ ನಿಂತರೆ ಅದೇ ಹಸಿರು ಅವನ ಕೆನ್ನೆ, ಕತ್ತುಗಳ ಮೇಲೆ ಚೆಲ್ಲುತ್ತದೆ. ‘ಗ್ರಾಫಿಕ್ಸ್ ಸರಿಯಿಲ್ಲ’ ಎಂದು ಪ್ರೇಕ್ಷಕರು ದೂರುವ ಎಷ್ಟೋ ದೃಶ್ಯಗಳಲ್ಲಿ ತಪ್ಪು ನಡೆದಿರುವುದು ಕಂಪ್ಯೂಟರಿನಲ್ಲಲ್ಲ, ಬೆಳಕಿನ ಜೋಡಣೆಯಲ್ಲಿ. ಆದ್ದರಿಂದಲೇ ಹೊಸ ಶಾಟ್ ಕೈಗೆ ಬಂದಾಗ ನಾನು ಮೊದಲು ಬಣ್ಣಗಳನ್ನೆಲ್ಲ ಮರೆಮಾಡಿ ಬರೀ ಆಲ್ಫಾವನ್ನು ತೆರೆದು, ನಟನ ಕಿವಿಯ ಪಕ್ಕದ ಕೂದಲನ್ನು ದೊಡ್ಡದು ಮಾಡಿ ನೋಡುತ್ತೇನೆ.