ಕರೆಂಟಿಗಿಂತ ಸ್ಪಂಜಿನದೇ ಚಿಂತೆ

ನೆನಪು, ಗಮನ ಕುಗ್ಗಿದವರ ಮೇಲೆ ಟಿಡಿಸಿಎಸ್ (ನೆತ್ತಿಯ ಮೇಲಿಂದ ಮಿದುಳಿಗೆ ಅಲ್ಪ ನೇರ ವಿದ್ಯುತ್ ಹರಿಸುವ ವಿಧಾನ) ಪ್ರಯೋಗ ಮಾಡುವವರನ್ನು ಎಲ್ಲರೂ ಮೊದಲು ಕೇಳುವುದು ‘ಎಷ್ಟು ಕರೆಂಟ್ ಕೊಡ್ತೀರಿ?’ ಅಂತ. ಉತ್ತರ ಚಿಕ್ಕದು: 1ರಿಂದ 2 ಮಿಲಿಆಂಪಿಯರ್, ಸುಮಾರು 20 ನಿಮಿಷ. ಅದರಲ್ಲೂ ದೊಡ್ಡ ಪಾಲು ನೆತ್ತಿಯ ಚರ್ಮದಲ್ಲೇ ಹರಿದುಹೋಗುತ್ತದೆ. ಒಳಗೆ ಇಳಿದ ಅಲ್ಪ ವಿದ್ಯುತ್ತಿಗೆ ನರಕೋಶದಿಂದ ತಾನಾಗಿ ಸಂಕೇತ ಚಿಮ್ಮಿಸುವ ಶಕ್ತಿಯಿಲ್ಲ. ಸಂಕೇತ ಚಿಮ್ಮಿಸಲು ಹೊರಟ ಕೋಶಕ್ಕೆ ದಾರಿ ತುಸು ಸುಲಭವೋ ಕಷ್ಟವೋ ಆಗುತ್ತದೆ, ಅಷ್ಟೆ. ಪರಿಣಾಮ ಇಷ್ಟು ನವಿರಾಗಿರುವಾಗ, ವಿದ್ಯುತ್ತನ್ನು ಚರ್ಮಕ್ಕೆ ದಾಟಿಸುವ ಒದ್ದೆ ಸ್ಪಂಜು ಅತ್ತಿತ್ತ ಜರುಗಿದರೂ ಫಲಿತಾಂಶ ಕೆಡುತ್ತದೆ.

ಕಾರ್ಯನಿರತ ಸ್ಮರಣೆಯ (ಕೆಲಸ ಮಾಡುತ್ತಲೇ ಮನಸ್ಸಿನಲ್ಲಿ ಹಿಡಿದಿಡುವ ನೆನಪಿನ) ಅಧ್ಯಯನಗಳಲ್ಲಿ ಆನೋಡ್, ಅಂದರೆ ಧನ ವಿದ್ಯುದ್ವಾರ, ಸಾಮಾನ್ಯವಾಗಿ ಎಡ ಹಣೆಯ ಮೇಲ್ಭಾಗದ ಎಫ್3 ಬಿಂದುವಿನಲ್ಲಿ, ಋಣ ವಿದ್ಯುದ್ವಾರವಾದ ಕ್ಯಾಥೋಡ್ ಬಲ ಹುಬ್ಬಿನ ಮೇಲೆ ಕೂರುತ್ತದೆ. ಎಫ್3ರಂಥವು ತಲೆಯ ಮೇಲಿನ ಜಾಗಗಳಿಗೆ ಇಟ್ಟ ಹೆಸರುಗಳು. ಕಣ್ಣಂದಾಜು ಬೇಡ, ಟೇಪು ಹಿಡಿಯಿರಿ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ 36 ಸೆಂ.ಮೀ. ಇದ್ದರೆ ನಡುನೆತ್ತಿ 18ರಲ್ಲಿ. ಅಲ್ಲಿಂದ ಶೇ 20, ಅಂದರೆ 7.2 ಸೆಂ.ಮೀ. ಮುಂದಕ್ಕೆ ಎಫ್‌ಝಡ್. ಎಫ್‌ಝಡ್‌ಗೂ ಎಡಬದಿಯ ಎಫ್7ಗೂ ನಡುವೆ ಎಫ್3.

ಇನ್ನು ಸ್ಪಂಜು. 5×7 ಸೆಂ.ಮೀ. ಸ್ಪಂಜಿಗೆ ಶೇ 0.9ರ ಸಲೈನ್ (ಉಪ್ಪುನೀರು) ಸುಮಾರು 12 ಮಿ.ಲೀ. ಸಾಕು. ಹೆಚ್ಚು ಸುರಿದರೆ ಕೂದಲಗುಂಟ ನೀರು ಇಳಿದು ವಿದ್ಯುತ್ ಹರಡುತ್ತದೆ. ನೀವು ಅಳೆದ 35 ಚದರ ಸೆಂ.ಮೀ. ಆಗ ಕಾಗದದ ಮೇಲಷ್ಟೇ ಉಳಿಯುತ್ತದೆ. ಕಡಿಮೆಯಾಗಿ ಒಂದು ಮೂಲೆ ಒಣಗಿದರೆ ಉರಿ, ಕೆಲವೊಮ್ಮೆ ಸುಟ್ಟ ಗಾಯ. ಕೂದಲನ್ನು ಬೈತಲೆ ತೆಗೆದಂತೆ ಬಿಡಿಸಿ, ಚರ್ಮ ಕಾಣಿಸಿದ ಮೇಲೆಯೇ ಸ್ಪಂಜು ಇಡಬೇಕು. (ಬೋಳುತಲೆಯವರು ಬಂದರೆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಖುಷಿ.) ವಿದ್ಯುತ್ ಹರಿವಿಗೆ ಎದುರಾಗುವ ರೋಧ 10 ಕಿಲೊಓಮ್‌ಗಿಂತ ಕೆಳಗಿಳಿಯದಿದ್ದರೆ ಶುರು ಮಾಡಬೇಡಿ. ಸ್ಪಂಜು ಒಣಗಿದಷ್ಟೂ ಅದೇ 2 ಮಿಲಿಆಂಪಿಯರ್ ಹರಿಸಲು ಯಂತ್ರ ವೋಲ್ಟೇಜ್ ಏರಿಸುತ್ತಲೇ ಹೋಗುತ್ತದೆ. ನಡುವೆ ರೋಧ ಹೆಚ್ಚಿದರೆ ಸಿರಿಂಜಿನಲ್ಲಿ ಒಂದೆರಡು ಮಿ.ಲೀ. ಸೇರಿಸಿ.

ಕರೆಂಟ್ ದುಪ್ಪಟ್ಟು ಮಾಡಿದರೆ ಫಲವೂ ದುಪ್ಪಟ್ಟು ಎನ್ನುವ ಲೆಕ್ಕ ಇಲ್ಲಿ ನಡೆಯದು. ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗದ ಉತ್ತೇಜನವನ್ನು 1 ಮಿಲಿಆಂಪಿಯರ್ ಕ್ಯಾಥೋಡ್ ತಗ್ಗಿಸಿದರೆ, 20 ನಿಮಿಷ ಕೊಟ್ಟ 2 ಮಿಲಿಆಂಪಿಯರ್ ಅದನ್ನೇ ಏರಿಸಿದ್ದು 2013ರಲ್ಲೇ ವರದಿಯಾಗಿದೆ. ಕರೆಂಟ್ ಹರಿಯುವಾಗ ಆ ವ್ಯಕ್ತಿ ಏನು ಮಾಡುತ್ತಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಸುಮ್ಮನೆ ಕಣ್ಣು ಮುಚ್ಚಿ ಕೂತವರನ್ನೂ ನೆನಪಿನ ಕಸರತ್ತು ಮಾಡುತ್ತಿದ್ದವರನ್ನೂ ಒಂದೇ ಗುಂಪಿಗೆ ಸೇರಿಸುವುದು ತಪ್ಪು.

ಅಳತೆಯಲ್ಲೂ ಮೋಸವಿದೆ. ಅದೇ ಪದಪಟ್ಟಿಯನ್ನು ಎರಡನೆಯ ಸಲ ಕೊಟ್ಟರೆ ಯಾರಾದರೂ ಹೆಚ್ಚು ಅಂಕ ಪಡೆಯುತ್ತಾರೆ. ಸಮಾನ ಕಷ್ಟದ ಬೇರೆ ಪಟ್ಟಿ ಬೇಕು. ಹುಸಿ ಚಿಕಿತ್ಸೆಯ ಗುಂಪು ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಅವರಿಗೂ 30 ಸೆಕೆಂಡಿನಲ್ಲಿ ಕರೆಂಟ್ ಏರಿಸಿ, ತುರಿಕೆ ಗೊತ್ತಾದ ಬಳಿಕ ಸದ್ದಿಲ್ಲದೆ ಇಳಿಸುತ್ತಾರೆ. ಆದರೆ 2 ಮಿಲಿಆಂಪಿಯರ್‌ಗೆ ಚರ್ಮ ಕೆಂಪಾಗಿ ಗುಟ್ಟು ಬಯಲಾಗುವುದುಂಟು. ಹಾಗಾಗಿ ಸ್ಪಂಜು ತೆಗೆಯುವವರು ಬೇರೆ, ಪರೀಕ್ಷೆ ನಡೆಸುವವರು ಬೇರೆ ಇರಲಿ. ಕೊನೆಗೆ ಪ್ರತಿಯೊಬ್ಬರನ್ನೂ ಕೇಳಿ: ‘ನಿಮಗೆ ಸಿಕ್ಕಿದ್ದು ನಿಜವಾದದ್ದೋ ಹುಸಿಯೋ?’ ನಾಣ್ಯ ಚಿಮ್ಮಿ ಹೇಳಿದ್ದರೆ ಸರಿಯಾಗುತ್ತಿದ್ದವರಿಗಿಂತ ಎಷ್ಟೋ ಹೆಚ್ಚು ಮಂದಿ ಸರಿಯಾಗಿ ಊಹಿಸಿದ್ದರೆ, ಅಂಕಗಳಲ್ಲಿ ಕಂಡ ಏರಿಕೆ ಕರೆಂಟಿನದೋ ನಂಬಿಕೆಯದೋ ಬೇರ್ಪಡಿಸಲಾಗದು.