‘ಪ್ರೀತಿ ಇಲ್ಲ’ ಅಂದರೆ ಏನೇನು ಇಲ್ಲ?

ರಾಯಚೂರಿನಲ್ಲಿ ಕುಟುಂಬ ಆಪ್ತಸಮಾಲೋಚಕಿಯಾಗಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು: ‘ಅವರಿಗೆ ನನ್ನ ಮ್ಯಾಲೆ ಪ್ರೀತಿನೇ ಇಲ್ರೀ ಮೇಡಂ.’ ಕೇಳಿದ ಕೂಡಲೇ ಸಮಾಧಾನ ಹೇಳಲು ಹೋಗುವುದಿಲ್ಲ. ಏನು ಇಲ್ಲ ಅಂತ ಬಿಡಿಸಿ ಕೇಳುತ್ತೇನೆ. ಮಾತಾಡಲ್ವಾ? ಹತ್ತಿರ ಬರಲ್ವಾ? ಮನೆಖರ್ಚಿಗೆ ಕೊಡಲ್ವಾ? ಜ್ವರ ಬಂದಾಗ ವಿಚಾರಿಸಲ್ವಾ? ನಾಲ್ಕು ಜನರ ಮುಂದೆ ನಿಮ್ಮ ಪರ ನಿಲ್ಲಲ್ವಾ? ಒಬ್ಬೊಬ್ಬರದು ಒಂದೊಂದು ಉತ್ತರ. ಅಳು ಬರುವುದೂ ಆಗಲೇ.

ದಿನನಿತ್ಯದ ಮಾತಿನಲ್ಲಿ ನಮ್ಮ ಜನ ಇದನ್ನೆಲ್ಲ ಬೇರೆ ಬೇರೆ ಮಾಡಿಯೇ ಹೇಳುತ್ತಾರೆ. ಮೊಮ್ಮಗ ಅಜ್ಜಿಯನ್ನು ‘ಭಾಳ ಹಚ್ಚಿಕೊಂಡಾನ’. ಅಣ್ಣನಿಗೆ ತಂಗಿ ಮೇಲೆ ‘ಭಾಳ ಜೀವ’. ಪಕ್ಕದ ಮನೆಯ ಮುದುಕಿಗೆ ರೊಟ್ಟಿ ಕೊಟ್ಟು ಬರುವವಳಿಗೆ ‘ಅಂತಃಕರಣ’ ಅದ. ‘ಲವ್’ ಅಂದರೆ ಮಾತ್ರ ಹುಡುಗ ಹುಡುಗಿಯರದು, ಮನೆಯವರಿಗೆ ಗೊತ್ತಾಗಬಾರದ್ದು. ಆದರೆ ಜಗಳಕ್ಕೆ ನಿಂತಾಗ ಎಲ್ಲವನ್ನೂ ‘ಪ್ರೀತಿ’ ಅನ್ನುವ ಒಂದೇ ಮಾತಿಗೆ ತುಂಬಿಬಿಡುತ್ತಾರೆ, ಆಮೇಲೆ ಏನು ಕಡಿಮೆಯಾಗಿದೆ ಅಂತ ಹೇಳಿದವರಿಗೂ ಗೊತ್ತಾಗಲ್ಲ, ಕೇಳಿದವರಿಗೂ ಗೊತ್ತಾಗಲ್ಲ.

ಒಂದು ಜೋಡಿಯ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗಂಡನದು ಶಕ್ತಿನಗರದ ಕಡೆ ಶಿಫ್ಟ್ ಕೆಲಸ. ‘ಪಗಾರ ಆದ ದಿನ ಎಲ್ಲಾ ಆಕಿ ಕೈಯಾಗ ಇಡ್ತೀನ್ರೀ. ಕುಡಿಯಂಗಿಲ್ಲ, ಇಸ್ಪೀಟ್ ಆಡಂಗಿಲ್ಲ. ಇನ್ನೇನ್ ಮಾಡ್ಲಿ?’ ಅಂದರು. ಹೆಂಡತಿ ಅಂದದ್ದು: ‘ರೊಕ್ಕ ಕೊಡ್ತಾರ, ಖರೇ ಅದ. ನಾ ದವಾಖಾನಿಗೆ ಹೋಗಿ ಬಂದು ಮೂರು ದಿನ ಆದ್ರೂ ಅವರಿಗೆ ಗೊತ್ತೇ ಇದ್ದಿಲ್ಲ.’

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸ್ಟರ್ನ್‌ಬರ್ಗ್ 1986ರಲ್ಲಿ ಪ್ರೀತಿಯನ್ನು ಮೂರು ಭಾಗ ಮಾಡಿ ತೋರಿಸಿದರು: ಆಪ್ತತೆ, ಸೆಳೆತ, ಬದ್ಧತೆ. ಇವು ಜೊತೆಜೊತೆಗೇ ಬೆಳೆಯಬೇಕು ಅಂತೇನಿಲ್ಲ. ಒಂದು ತುಂಬಿದ್ದಾಗಲೇ ಇನ್ನೊಂದು ಬತ್ತಿರಬಹುದು. ಈ ಮನೆಯಲ್ಲಿ ಬದ್ಧತೆಗೆ ಏನೂ ಕೊರತೆ ಇರಲಿಲ್ಲ, ಆಪ್ತತೆ ಹೋಗಿತ್ತು. ಅದನ್ನು ಗಂಡನಿಗೆ ಹೇಳುವಾಗ ಅವರು ಮಾಡುತ್ತಿರುವುದನ್ನು ಮೊದಲು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ಮಾತು ಕಿವಿಗೆ ಬೀಳಲ್ಲ. ದಿನಾ ಹದಿನೈದು ನಿಮಿಷ ಇಬ್ಬರೇ ಕೂತು ಮಾತಾಡಬೇಕು, ಮೊಬೈಲ್ ಬೇಡ, ಟಿವಿ ಬೇಡ, ಖರ್ಚಿನ ಲೆಕ್ಕವೂ ಬೇಡ ಅಂದೆ. ಮೊದಮೊದಲು ಅವರಿಗೆ ಮಾತೇ ಹೊರಡಲಿಲ್ಲವಂತೆ. ಒಂದು ದಿನ ಕೆಲಸದ ಜಾಗದ ಬಿಸಿ, ರಾತ್ರಿಪಾಳಿಯಲ್ಲಿ ಆಗುವ ಹೆದರಿಕೆ ಎಲ್ಲ ಹೇಳಿಕೊಂಡರು. ಇಷ್ಟು ವರ್ಷ ಯಾಕೆ ಹೇಳಿರಲಿಲ್ಲ ಅಂದರೆ, ‘ಹೇಳಿದ್ರ ಆಕಿ ಹೆದರ್ತಾಳ ಅಂತ.’ ಅವರ ಮೌನದಲ್ಲೂ ಕಾಳಜಿ ಇತ್ತು, ಆದರೆ ಹೆಂಡತಿಗೆ ಅದು ತಿಳಿಯುವ ದಾರಿ ಇರಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಗುಳೆ ಹೋಗುವವರ ಮಕ್ಕಳು. ದೇವದುರ್ಗ, ಲಿಂಗಸುಗೂರು ಕಡೆಯಿಂದ ಗಂಡ ಹೆಂಡತಿ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗುತ್ತಾರೆ, ಕೂಸು ಅಜ್ಜಿಯ ಹತ್ತಿರ ಉಳಿಯುತ್ತದೆ. ತಿಂಗಳುಗಟ್ಟಲೆ ಆದ ಮೇಲೆ ಅಲಾಯಿ (ಮೊಹರಂ) ಹಬ್ಬಕ್ಕೋ ಯುಗಾದಿಗೋ ತಾಯಿ ಹೊಸ ಅಂಗಿ ಹಿಡಿದುಕೊಂಡು ಬಂದರೆ ಕೂಸು ಅಜ್ಜಿಯ ಸೀರೆ ಹಿಂದೆ ಅಡಗುತ್ತದೆ. ಕರೆದರೂ ಬರಲ್ಲ, ಎತ್ತಿಕೊಂಡರೆ ಮುಖ ತಿರುಗಿಸುತ್ತದೆ. ‘ಹೆತ್ತ ಕೂಸಿಗೇ ನಾ ಬ್ಯಾಡಾಗೀನಿ’ ಅಂತ ಆ ತಾಯಿ ಅಳುವುದನ್ನು ನೋಡಲು ಆಗುವುದಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತಂದೆತಾಯಿಯಿಂದ ದೂರ ಉಳಿದ ಚಿಕ್ಕ ಮಕ್ಕಳನ್ನು ಸಮಾಜ ಕಾರ್ಯಕರ್ತ ಜೇಮ್ಸ್ ರಾಬರ್ಟ್‌ಸನ್ ಹತ್ತಿರದಿಂದ ಗಮನಿಸಿದರು. ಅವರೂ ಮನೋವೈದ್ಯ ಜಾನ್ ಬೌಲ್ಬಿಯೂ ಕಂಡುಕೊಂಡದ್ದು ಇದು: ಮಗು ಮೊದಲು ಅತ್ತು ಹಟ ಮಾಡುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ಸುಮ್ಮನಾಗಿ ಆಟಕ್ಕೆ ಇಳಿಯುತ್ತದೆ. ಹೊಂದಿಕೊಂಡಿತು ಅಂತ ನೋಡುವವರಿಗೆ ಅನಿಸುತ್ತದೆ. ತಾಯಿ ಬಂದಾಗ ಮಾತ್ರ ಗುರುತೇ ಇಲ್ಲದಂತೆ ನಡೆದುಕೊಳ್ಳುತ್ತದೆ. ಮಗು ತಾಯಿಯನ್ನು ಮರೆತದ್ದಕ್ಕೆ ಹೀಗೆ ಆಗುವುದಲ್ಲ. ಹಚ್ಚಿಕೊಂಡಿದ್ದಕ್ಕೇ ಆದ ನೋವು ಅದು.

ಅದಕ್ಕೇ ತಾಯಂದಿರಿಗೆ ಹೇಳುತ್ತೇನೆ, ಕೂಸನ್ನು ಅಜ್ಜಿಯಿಂದ ಎಳೆದುಕೊಳ್ಳಬೇಡಿ. ಅಜ್ಜಿ ಪಕ್ಕದಲ್ಲೇ ಇರಲಿ, ನೀವು ನೆಲಕ್ಕೆ ಕೂತು ಅದು ಆಡುವುದನ್ನು ನೋಡಿ, ತಾನಾಗಿ ಬರುವವರೆಗೆ ಕಾಯಿರಿ, ಒಂದೆರಡು ದಿನ ಬಿಟ್ಟು ಜಳಕ ಮಾಡಿಸುವುದು, ತಲೆ ಬಾಚುವುದು ನೀವು ಮಾಡಿ. ಮತ್ತೆ ಹೊರಡುವಾಗ ಮಲಗಿದ್ದಾಗ ಕದ್ದು ಹೋಗಬೇಡಿ. ಅತ್ತರೆ ಅಳಲಿ, ಹೇಳಿಯೇ ಹೋಗಿ. ಕದ್ದು ಹೋದರೆ ಮಗು ನಿದ್ದೆ ಮಾಡಲೂ ಹೆದರುತ್ತದೆ. ಅಜ್ಜಿಯರಿಗೂ ಒಂದು ಮಾತು: ಸಿಟ್ಟು ಬಂದಾಗ ‘ನಿಮ್ಮವ್ವ ನಿನ್ನ ಬಿಟ್ಟು ಹೋಗ್ಯಾಳ’ ಅನ್ನಬೇಡಿ.

ಇನ್ನು ಕಾಲೇಜು ಮಕ್ಕಳನ್ನು ಕರೆತಂದು ‘ಇವಳ ಹುಚ್ಚು ಬಿಡಿಸ್ರಿ’ ಅನ್ನುವ ತಂದೆತಾಯಿ. ಹೊಸ ಪ್ರೇಮದಲ್ಲಿ ಮನಸ್ಸು ಒಂದೇ ಕಡೆ ಸುತ್ತುವುದು ನಿಜ. 1999ರಲ್ಲಿ ಇಟಲಿಯ ಮನೋವೈದ್ಯೆ ಡೊನಾಟೆಲ್ಲಾ ಮರಾಜಿಟಿ ಮತ್ತು ಜೊತೆಗಾರರು ಹೊಸದಾಗಿ ಪ್ರೇಮಿಸಿದ 20 ಜನರ ರಕ್ತ ಪರೀಕ್ಷಿಸಿದಾಗ, ಮಿದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕ ಸೆರೊಟೋನಿನ್‌ಗೆ ಸಂಬಂಧಿಸಿದ ಒಂದು ಅಳತೆ, ಒಂದೇ ಯೋಚನೆ ಬಿಡದೆ ಕಾಡುವ ಗೀಳು ಕಾಯಿಲೆಯವರಲ್ಲಿ ಇರುವಂತೆಯೇ ಕಡಿಮೆ ಇತ್ತು. ಅವರಲ್ಲಿ ಕೆಲವರನ್ನು 12ರಿಂದ 18 ತಿಂಗಳ ನಂತರ ಮತ್ತೆ ನೋಡಿದಾಗ ಅದು ಸರಿಹೋಗಿತ್ತು. ಚಿಕ್ಕ ಅಧ್ಯಯನ, ಆದರೂ ನಾನು ನೋಡುವುದಕ್ಕೆ ಹೊಂದುತ್ತದೆ. ಮೊಬೈಲ್ ಕಸಿದು ಕೋಣೆಯಲ್ಲಿ ಕೂಡಿಹಾಕಿದರೆ ಸೆಳೆತ ಇನ್ನೂ ಜೋರಾಗುತ್ತದೆ. ಮಾತು ನಿಲ್ಲಿಸಬೇಡಿ, ಅವಸರದಲ್ಲಿ ಬೇರೆ ಗಂಡು ನೋಡಬೇಡಿ. ಓದು ಮುಗಿಯುವವರೆಗೆ ಕಾಯಲು ಆ ಹುಡುಗ ಒಪ್ಪುತ್ತಾನಾ ಇಲ್ಲವಾ, ಅದರಲ್ಲೇ ಬಹಳ ತಿಳಿಯುತ್ತದೆ.

ಒಂದು ಅರ್ಥವನ್ನು ಮಾತ್ರ ನಾನು ಒಪ್ಪುವುದಿಲ್ಲ. ‘ಪ್ರೀತಿ ಅದ, ಅದಕ್ಕ ಸಂಶಯ. ಪ್ರೀತಿ ಅದ, ಅದಕ್ಕ ಒಂದೇಟು ಹಾಕ್ದೆ.’ ದಿನಾ ಫೋನ್ ತೆಗೆದು ನೋಡುವುದು, ತವರಿಗೆ ಕಳಿಸದಿರುವುದು, ಅವಳು ದುಡಿದ ಕೂಲಿಯನ್ನೂ ಕಸಿದುಕೊಳ್ಳುವುದು ಎಲ್ಲ ಇದೇ ಹೆಸರಲ್ಲಿ ನಡೆಯುತ್ತದೆ. ಹೆಣ್ಣುಮಕ್ಕಳೇ ಎಷ್ಟೋ ಸಲ ಇದನ್ನು ನಂಬಿರುತ್ತಾರೆ, ಅದು ನನಗೆ ತುಂಬಾ ಸಂಕಟ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ ಅಷ್ಟೇ ಅಲ್ಲ, ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆಯೂ ಸೇರಿದೆ. ಇಂಥ ಕಡೆ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ‘ಹೊಂದಿಕೊಂಡು ಹೋಗಿ’ ಅನ್ನುವ ಕೆಲಸ ನಾನು ಮಾಡುವುದಿಲ್ಲ, ಯಾಕೆಂದರೆ ಇಲ್ಲಿ ಬಾಯಿ ಬಿಟ್ಟರೆ ಮನೆಗೆ ಹೋದ ಮೇಲೆ ಅವಳಿಗೇ ಏಟು. ಅವಳನ್ನು ಒಬ್ಬಳನ್ನೇ ಕೂರಿಸಿ ಮಾತಾಡುತ್ತೇನೆ. ನನ್ನವರೆಗೆ ಬರಲು ಆಗದವರು ಮಹಿಳಾ ಸಹಾಯವಾಣಿ 181ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳಲ್ಲ. ಅವನು ನೋಡುವ ಫೋನಿನಿಂದ ಮಾಡಬೇಡಿ. ನಂಬಿಕೆ ಇರುವ ಗೆಳತಿಯದೋ ಆಶಾ ಕಾರ್ಯಕರ್ತೆಯದೋ ಫೋನ್ ಕೇಳಿ ಪಡೆಯಿರಿ.