ಚೌಕಾಸಿ ಮಾಡದ ಗಿರಾಕಿಯನ್ನು ನಂಬಬಹುದಾ?

ಪ್ರಶ್ನೆ: ಮನೆ ಖಾಲಿ ಮಾಡುತ್ತಿದ್ದೇವೆ. ಹಳೆ ಸೋಫಾ, ವಾಷಿಂಗ್ ಮಷೀನ್ ಮಾರೋಣ ಅಂತ ಆನ್‌ಲೈನ್‌ನಲ್ಲಿ ಫೋಟೊ ಹಾಕಿದ್ದೆ. ಹತ್ತು ನಿಮಿಷಕ್ಕೇ ಒಬ್ಬರು ಫೋನ್ ಮಾಡಿ, ನಾನು ಆರ್ಮಿಯಲ್ಲಿದ್ದೇನೆ, ನೀವು ಹೇಳಿದ ರೇಟಿಗೇ ತಗೊಳ್ತೇನೆ, ಈಗಲೇ ದುಡ್ಡು ಹಾಕ್ತೇನೆ ಅಂದರು. ವಾಟ್ಸಾಪ್‌ಗೆ ಐಡಿ ಕಾರ್ಡ್ ಕಳಿಸಿದ್ದಾರೆ, ಜೊತೆಗೆ ಒಂದು ಕ್ಯೂಆರ್ ಕೋಡ್. ಅದನ್ನು ಸ್ಕ್ಯಾನ್ ಮಾಡಿದರೆ ದುಡ್ಡು ನಮ್ಮ ಖಾತೆಗೆ ಬರುತ್ತಂತೆ. ಮಾಡಬಹುದಾ? ಇವರು ನಿಜವಾದ ಗಿರಾಕಿಯೋ ಮೋಸಗಾರರೋ ಅಂತ ತಿಳಿಯೋದು ಹೇಗೆ?

ಉತ್ತರ: ಮಾಡಬೇಡಿ. ಮೊದಲು ಆ ನಂಬರ್ ಬ್ಲಾಕ್ ಮಾಡಿ, ಆಮೇಲೆ ಮುಂದಿನದು ಓದಿ.

ಇದೇ ಪ್ರಶ್ನೆಯನ್ನು ಜನ ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. ಸೋಫಾ ಜಾಗದಲ್ಲಿ ಫ್ರಿಜ್ ಇರುತ್ತೆ, ಮಂಚ ಇರುತ್ತೆ, ಮಗುವಿನ ಸೈಕಲ್ ಇರುತ್ತೆ. ಫೋನ್ ಮಾಡಿದವನ ಮಾತು ಮಾತ್ರ ಒಂದೇ. ಐಡಿ ಕಾರ್ಡ್ ಅಸಲಿಯೋ ನಕಲಿಯೋ ಅಂತ ನೋಡುತ್ತಾ ಕೂರಬೇಡಿ, ಅದರಿಂದ ಏನೂ ಗೊತ್ತಾಗಲ್ಲ. ಎಷ್ಟೋ ಸಲ ಆ ಕಾರ್ಡ್ ಯಾರೋ ನಿಜವಾದ ಯೋಧನದ್ದೇ ಆಗಿರುತ್ತೆ. ಅವರ ಫೋಟೊ, ಕ್ಯಾಂಟೀನ್ ಕಾರ್ಡ್ ಕದ್ದು ಇವನು ಬಳಸುತ್ತಿರುತ್ತಾನೆ, ಪಾಪ ಅವರಿಗೇ ಅದು ಗೊತ್ತಿರಲ್ಲ.

ನೋಡಬೇಕಾದದ್ದು ಒಂದೇ: ಇವನಿಗೆ ನಿಮ್ಮ ಸಾಮಾನು ಬೇಕಾ?

ನಿಜವಾಗಿ ಸೋಫಾ ಬೇಕಾದವನು ಹೇಗೆ ಮಾತಾಡ್ತಾನೆ ಅಂತ ನಮಗೆಲ್ಲ ಗೊತ್ತು. "ಎಷ್ಟು ವರ್ಷ ಆಗಿದೆ ಸರ್? ಕುಶನ್ ಕೂತಿದೆಯಾ? ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ? ಯಾವ ಫ್ಲೋರ್, ಲಿಫ್ಟ್ ಇದೆಯಾ? ಭಾನುವಾರ ಬಂದು ನೋಡಬಹುದಾ?" ಹನ್ನೆರಡು ಸಾವಿರ ಅಂದರೆ ಏಳು ಸಾವಿರಕ್ಕೆ ಶುರು ಮಾಡ್ತಾನೆ. ಹೆಂಡತಿಯನ್ನು ಕೇಳಿ ಹೇಳ್ತೀನಿ ಅಂತಾನೆ. ತಲೆ ತಿಂತಾನೆ, ನಿಜ. ಆದರೆ ಅವನಿಗೆ ಸೋಫಾ ಬೇಕು. ಮೋಸಗಾರನಿಗೆ ಸೋಫಾ ಯಾಕೆ? ಅವನಿಗೆ ಬೇಕಿರೋದು ನಿಮ್ಮ ಯುಪಿಐ. ಅದಕ್ಕೇ ಅವನು ಚೌಕಾಸಿ ಮಾಡಲ್ಲ, ಬಂದು ನೋಡಲ್ಲ, ಅಳತೆ ಕೇಳಲ್ಲ. ಸಾಮಾನಿನ ಬಗ್ಗೆ ಒಂದು ಮಾತು, ದುಡ್ಡು ಹಾಕುವ ರೀತಿಯ ಬಗ್ಗೆ ಹತ್ತು ಮಾತು.

ಪರೀಕ್ಷೆ ಮಾಡಬೇಕಾ? ಸುಮ್ನೆ ಒಂದು ಹುಳುಕು ಹೇಳಿ ನೋಡಿ. "ಬಲಗಡೆ ಕೈ ಹತ್ರ ಬಟ್ಟೆ ಹರಿದಿದೆ, ಒಂದು ಕಾಲು ಸ್ವಲ್ಪ ಅಲ್ಲಾಡತ್ತೆ" ಅನ್ನಿ. ಗಿರಾಕಿಯಾದರೆ ತಕ್ಷಣ ರೇಟ್ ಇಳಿಸ್ತಾನೆ, ಇಲ್ಲಾ ಫೋಟೊ ಕಳಿಸಿ ಅಂತಾನೆ. ಕಳ್ಳ "ಪರವಾಗಿಲ್ಲ ಮೇಡಂ, ಗೂಗಲ್ ಪೇ ಇದೆಯಾ?" ಅಂತಾನೆ.

ಈಗ ಆ ಕ್ಯೂಆರ್ ಕೋಡ್ ವಿಷಯ. ದುಡ್ಡು ಬರೋದಕ್ಕೆ ನೀವು ಏನನ್ನೂ ಸ್ಕ್ಯಾನ್ ಮಾಡಬೇಕಿಲ್ಲ, ಯಾವ ಪಿನ್ನೂ ಹಾಕಬೇಕಿಲ್ಲ. ಯುಪಿಐ ಪಿನ್ ಕೇಳೋದು ನಿಮ್ಮ ಖಾತೆಯಿಂದ ದುಡ್ಡು ಹೊರಗೆ ಹೋಗೋಕೆ, ಇಲ್ಲಾ ಬ್ಯಾಲೆನ್ಸ್ ನೋಡೋಕೆ. ಕ್ಯೂಆರ್ ಕೋಡ್ ಅಂದರೆ ದುಡ್ಡು ಯಾರಿಗೆ ಹೋಗಬೇಕು ಅನ್ನೋ ವಿಳಾಸ, ಅಷ್ಟೇ. ಅದನ್ನು ತಯಾರು ಮಾಡಿದವನು ಮೊತ್ತವನ್ನೂ ಒಂದು ಸಾಲಿನ ಟಿಪ್ಪಣಿಯನ್ನೂ ಅದರೊಳಗೇ ತುಂಬಿಡಬಹುದು. "12,000 ರಿಸೀವ್ಡ್" ಅಂತ ಆ ಟಿಪ್ಪಣಿಯಲ್ಲಿ ಬರೆದಿದ್ದರೆ ನಿಮ್ಮ ಪರದೆ ಮೇಲೂ ಹಾಗೇ ಕಾಣಬಹುದು. ಅದು ಅವನು ಬರೆದ ಮಾತು, ಬ್ಯಾಂಕ್ ಹೇಳಿದ್ದಲ್ಲ. ಕೆಳಗೆ ಪಿನ್ ಕೇಳ್ತಿದೆ ಅಂದರೆ ಕೊಡುತ್ತಿರೋದು ನೀವೇ.

ಮೊದಲು ಇದರ ಜೊತೆ "ಕಲೆಕ್ಟ್ ರಿಕ್ವೆಸ್ಟ್" ಅನ್ನೋದೂ ಇತ್ತು. ಅವನು ನಿಮಗೆ ದುಡ್ಡಿನ ಬೇಡಿಕೆ ಕಳಿಸ್ತಿದ್ದ, ನೀವು ದುಡ್ಡು ಬಂತು ಅಂದುಕೊಂಡು ಒಪ್ಪಿಗೆ ಒತ್ತುತ್ತಿದ್ದಿರಿ. ಈ ಕಾಟ ಜಾಸ್ತಿಯಾಗಿ, ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಇಂಥ ಬೇಡಿಕೆ ಕಳಿಸೋದನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಕ್ಯೂಆರ್ ಮಾತ್ರ ಹಾಗೇ ಇದೆ, ಅದಿಲ್ಲದೆ ತರಕಾರಿ ಅಂಗಡಿಯೂ ನಡೆಯಲ್ಲ.

ಓದಿದವರು ಇದಕ್ಕೆಲ್ಲ ಬೀಳಲ್ಲ ಅಂತ ಅಂದುಕೊಂಡಿದ್ದರೆ, 2021ರ ಫೆಬ್ರವರಿಯ ಸುದ್ದಿ ನೆನಪು ಮಾಡಿಕೊಳ್ಳಿ. ಆಗ ದೆಹಲಿ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲ್ ಅವರ ಮಗಳು ಆನ್‌ಲೈನ್‌ನಲ್ಲಿ ಮಾರಲು ಹಾಕಿದ್ದೂ ಒಂದು ಹಳೆ ಸೋಫಾನೇ. ಗಿರಾಕಿ ಅಂತ ಬಂದವನು ಖಾತೆ ಸರಿಯಾಗಿದೆಯಾ ನೋಡ್ತೀನಿ ಅಂತ ಮೊದಲು ಸಣ್ಣ ಮೊತ್ತ ಹಾಕಿದ. ಅದು ನಿಜವಾಗಿಯೂ ಬಂತು. ಆಮೇಲೆ ಕ್ಯೂಆರ್ ಕೋಡ್ ಕಳಿಸಿದ, ಸ್ಕ್ಯಾನ್ ಮಾಡಿದರೆ 20,000 ಹೋಯಿತು. ಅಯ್ಯೋ ತಪ್ಪು ಕೋಡ್ ಕಳಿಸಿಬಿಟ್ಟೆ, ಇದನ್ನು ಮಾಡಿ ವಾಪಸ್ ಬರುತ್ತೆ ಅಂತ ಇನ್ನೊಂದು ಕಳಿಸಿದ. ಮತ್ತೆ 14,000 ಹೋಯಿತು.

ಆ ಸಣ್ಣ ಮೊತ್ತವನ್ನು ಗಮನಿಸಿ. ಒಂದು ರೂಪಾಯಿಯೋ ಐದು ರೂಪಾಯಿಯೋ ನಿಜವಾಗಿ ಬಂದಾಗ ನಮ್ಮ ಅನುಮಾನ ಅರ್ಧ ಕರಗಿ ಹೋಗುತ್ತೆ. ಎರಡನೇ ಕೋಡ್ ಇನ್ನೂ ಕೆಟ್ಟದ್ದು, ಯಾಕೆಂದರೆ ಹೋದ ದುಡ್ಡು ವಾಪಸ್ ಬರಲಿ ಅನ್ನೋ ಗಾಬರಿಯಲ್ಲಿ ಇರುವವರು ಹೇಳಿದ್ದೆಲ್ಲ ಮಾಡ್ತಾರೆ. ಆರ್ಮಿ ಕಥೆಯಲ್ಲಂತೂ ಇದಕ್ಕೆ ಒಂದು ಸಮಜಾಯಿಷಿಯೂ ರೆಡಿ ಇರುತ್ತೆ: ಮಿಲಿಟರಿ ಅಕೌಂಟ್‌ನಲ್ಲಿ ಎಲ್ಲಾ ಉಲ್ಟಾ, ನೀವು ಮೊದಲು ಹಾಕಬೇಕು, ಡಬಲ್ ಆಗಿ ವಾಪಸ್ ಬರುತ್ತೆ. ಹಾಗೊಂದು ಅಕೌಂಟ್ ಯಾವ ಬ್ಯಾಂಕಿನಲ್ಲೂ ಇಲ್ಲ. ಬೆಂಗಳೂರಿನವರಿಗೆ ಜಾಲಹಳ್ಳಿಗೆ ಪೋಸ್ಟಿಂಗ್ ಆಗಿದೆ ಅಂತಾನೆ, ಬೆಳಗಾವಿಯವರಿಗೆ ಅಲ್ಲಿನ ಕ್ಯಾಂಪ್ ಹೆಸರು ಹೇಳ್ತಾನೆ. ಕೂತಿರೋದು ಮಾತ್ರ ಎಲ್ಲೋ. 2023ರ ಏಪ್ರಿಲ್‌ನಲ್ಲಿ ಸೈಬರ್ ವಂಚಕರನ್ನು ಹಿಡಿಯಲು ಹರಿಯಾಣ ಪೊಲೀಸರು ನೂಹ್ ಜಿಲ್ಲೆಯ 14 ಹಳ್ಳಿಗಳ ಮೇಲೆ ಒಟ್ಟಿಗೇ ದಾಳಿ ಮಾಡಬೇಕಾಯಿತು. ಇದು ಒಬ್ಬಿಬ್ಬರ ಕೈಚಳಕ ಅಲ್ಲ, ಪಾಳಿ ಹಾಕಿಕೊಂಡು ಮಾಡುವ ದಂಧೆ.

ಕ್ಯೂಆರ್ ಬೇಡ ಅಂದವರಿಗೆ ಬೇರೆ ದಾರಿಗಳಿವೆ. ಹನ್ನೆರಡು ಸಾವಿರದ ಬದಲು ತಪ್ಪಿ ಇಪ್ಪತ್ತೊಂದು ಸಾವಿರ ಹಾಕಿದೆ, ಹೆಚ್ಚಿಗೆ ಹೋಗಿದ್ದನ್ನು ವಾಪಸ್ ಕಳಿಸಿ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ ಅಂತ ಗೋಗರೆಯೋದು ಒಂದು. ನಿಮ್ಮ ಫೋನಿಗೆ "ಕ್ರೆಡಿಟ್ ಆಗಿದೆ" ಅನ್ನೋ ಮೆಸೇಜೂ ಬಂದಿರುತ್ತೆ. ಯಾವ ನಂಬರಿನಿಂದ ಬಂದಿದೆ ನೋಡಿ. ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರ್ ಆಗಿದ್ದರೆ ಅದು ಅವನೇ ಟೈಪ್ ಮಾಡಿದ್ದು. ಪೇಮೆಂಟ್ ಆದ ಸ್ಕ್ರೀನ್‌ಶಾಟ್ ಅಂತೂ ಯಾರು ಬೇಕಾದರೂ ಮಾಡಬಹುದು. ಎದುರಿಗೇ ನಿಂತು ತೋರಿಸಿ, ಟಿಂಗ್ ಅಂತ ಸದ್ದು ಮಾಡುವ ನಕಲಿ ಆ್ಯಪ್‌ಗಳೂ ಇವೆ. ಅವನ ಫೋನ್ ನೋಡಬೇಡಿ, ನಿಮ್ಮ ಬ್ಯಾಂಕ್ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿ. ನೆಟ್‌ವರ್ಕ್ ಇಲ್ಲ ಅಂದರೆ ಟೀ ಕುಡಿಸಿ ಕೂರಿಸಿ, ಬರೋವರೆಗೆ ಕಾಯಿರಿ. ಇನ್ನು ಸಾಮಾನಿನ ಬಿಲ್ ಅಂತಲೋ ಲಾರಿ ಬುಕಿಂಗ್ ಅಂತಲೋ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕಿಬಿಡುವ ಫೈಲ್) ಬಂದರೆ ಮುಟ್ಟಲೇಬೇಡಿ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿಕೊಳ್ಳಿ ಅಂದರೂ ಅಷ್ಟೇ.

"ನಾನು ಬರೋಕಾಗಲ್ಲ, ಟೆಂಪೊ ಕಳಿಸ್ತೀನಿ, ಡ್ರೈವರ್ ಕೈಲಿ ಕೊಡಿ" ಅನ್ನೋರೂ ಇದ್ದಾರೆ. ಎಲ್ಲರೂ ಕಳ್ಳರೇ ಅಂತಲ್ಲ, ನಿಜವಾಗಿ ದೂರದವರೂ ಇರ್ತಾರೆ. ಆದರೆ ಟೆಂಪೊ ಬಾಗಿಲಿಗೆ ಬಂದು ನಿಂತು, ಡ್ರೈವರ್ ವೇಟಿಂಗ್ ಚಾರ್ಜ್ ಅಂತ ಗೊಣಗುತ್ತಿರುವಾಗಲೇ ಇವನು ನಕಲಿ ಸ್ಕ್ರೀನ್‌ಶಾಟ್ ಕಳಿಸೋದು. ಪಾಪ ಆ ಡ್ರೈವರ್‌ಗೂ ಏನೂ ಗೊತ್ತಿರಲ್ಲ. ದುಡ್ಡು ಖಾತೆಯಲ್ಲಿ ಕಂಡ ಮೇಲೇ ಸಾಮಾನು ಹೊಸ್ತಿಲು ದಾಟಬೇಕು, ಡ್ರೈವರ್ ಎಷ್ಟೇ ಗೊಣಗಲಿ.

ಬೈಕು ಕಾರು ಮಾರುವವರಿಗೆ ಇನ್ನೊಂದು ಬಗೆಯ ಮೋಸ ಇದೆ. ಇದು ಸ್ವಲ್ಪ ಚಾಲಾಕಿನದ್ದು, ಇಲ್ಲಿ ಬರುವ ಗಿರಾಕಿ ನಿಜವಾದವನೇ. ಒಬ್ಬ ಮೂರನೆಯವನು ನಿಮ್ಮ ಬೈಕಿನ ಫೋಟೊ ಕದ್ದು, ನೀವು ಎಪ್ಪತ್ತು ಸಾವಿರ ಅಂದಿದ್ದನ್ನು ನಲವತ್ತಕ್ಕೆ ಅಂತ ಇನ್ನೊಂದು ಕಡೆ ಹಾಕ್ತಾನೆ. ನಿಮಗೆ ಫೋನ್ ಮಾಡಿ, "ನಮ್ಮ ಕಡೆ ಹುಡುಗ ಒಬ್ಬ ಬಂದು ನೋಡ್ತಾನೆ, ರೇಟ್ ಮಾತ್ರ ಅವನ ಹತ್ರ ಮಾತಾಡಬೇಡಿ, ಅವನು ನನಗೆ ಸ್ವಲ್ಪ ಬಾಕಿ ಕೊಡಬೇಕು, ಅದರಲ್ಲಿ ಹೊಂದಿಸಿಕೊಳ್ತೀನಿ" ಅಂತಾನೆ. ಆ ಹುಡುಗನಿಗೆ, "ಗಾಡಿ ನಮ್ಮ ಭಾವನ ಮನೆಯಲ್ಲಿದೆ, ಅವರ ಹತ್ರ ದುಡ್ಡಿನ ಮಾತೆತ್ತಬೇಡಿ" ಅಂತಾನೆ. ಹುಡುಗ ಬರ್ತಾನೆ, ಗಾಡಿ ಓಡಿಸಿ ನೋಡ್ತಾನೆ, ಖುಷಿಯಾಗಿ ಆ ಮೂರನೆಯವನಿಗೆ ನಲವತ್ತು ಸಾವಿರ ಹಾಕ್ತಾನೆ. ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡು ನಿಲ್ತೀರಿ, ಒಬ್ಬರನ್ನೊಬ್ಬರು ಕಳ್ಳ ಅಂತೀರಿ. ಇದಕ್ಕೆ ಮದ್ದು ತುಂಬಾ ಸುಲಭ. ಬಂದವರ ಹತ್ರ ಮೊದಲ ಮಾತೇ ರೇಟಿನದಾಗಿರಲಿ: "ನಿಮಗೆ ಎಷ್ಟು ಹೇಳಿದಾರೆ? ದುಡ್ಡು ಯಾರಿಗೆ ಹಾಕಬೇಕು ಅಂದಿದಾರೆ?"

ಟೆಸ್ಟ್ ರೈಡ್ ಕೊಡುವಾಗ ಅವನ ಲೈಸೆನ್ಸ್ ನೋಡಿ, ಅವನ ಗಾಡಿ ಕೀ ಇಸಿದುಕೊಳ್ಳಿ, ಕಾರಾದರೆ ಪಕ್ಕದಲ್ಲೇ ಕೂತುಕೊಳ್ಳಿ. ಹೆಲ್ಮೆಟ್ ಹಾಕಿಕೊಂಡು ಒಂದು ರೌಂಡ್ ಅಂತ ಹೋದವರು ವಾಪಸ್ ಬರದ ಕೇಸುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ.

ಗಾಡಿ ಮಾರಿದ ಮೇಲೆ ಆರ್‌ಸಿ ಹೆಸರು ಬದಲಾಯಿಸದೆ ತಿರುಗುವ ಗಿರಾಕಿ ಸಹ ಒಂಥರಾ ಮೋಸಗಾರನೇ. ಆಮೇಲೆ ಮಾಡಿಸ್ಕೊಳ್ತೀನಿ ಬಿಡಿ ಸರ್ ಅಂತಾನೆ, ಸಿಗ್ನಲ್ ಜಂಪ್ ಫೈನ್ ನಿಮ್ಮ ಮೊಬೈಲಿಗೆ ಬರ್ತಾ ಇರುತ್ತೆ. ಫೈನ್ ಆದರೂ ಹೋಗಲಿ, ಅಪಘಾತವಾದರೆ ಕಷ್ಟ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಮಾಲೀಕ ಅಂತ ಹಿಡಿಯಬೇಕು, ಪರಿಹಾರದ ಹೊಣೆಯೂ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಒಂದೇ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಾದದ್ದು ಮಾರಿದವರ ಕೆಲಸ. ಅದಕ್ಕೆ ಫಾರಂ 29, ಹೆಸರು ಬದಲಾವಣೆಗೆ ಫಾರಂ 30. ಬರೀ ಸಹಿ ಹಾಕಿ ಖಾಲಿ ಫಾರಂ ಕೊಟ್ಟು ಕೈ ತೊಳೆದುಕೊಳ್ಳಬೇಡಿ.

ಕೆಲವರು ಕ್ರಿಮಿನಲ್ ಮಟ್ಟದವರಲ್ಲ, ಬರೀ ಕಿರಿಕ್. ಫೋನಲ್ಲಿ ಎಂಟು ಸಾವಿರಕ್ಕೆ ಒಪ್ಪಿ, ಗಾಡಿ ತಂದು ಮನೆ ಮುಂದೆ ನಿಲ್ಲಿಸಿ ಐದೂವರೆ ಅಂತಾರೆ. ನಾಳೆಯೇ ಮನೆ ಖಾಲಿ ಮಾಡಬೇಕು ಅಂತ ನೀವು ಬಾಯಿಬಿಟ್ಟಿದ್ದರೆ ಅದನ್ನೇ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಆ ಮಾತು ಹೇಳಲೇಬೇಡಿ. ಇನ್ನು ವಾರ ಬಿಟ್ಟು ಮಷೀನ್ ಕೆಟ್ಟಿದೆ, ದುಡ್ಡು ವಾಪಸ್ ಕೊಡಿ ಅನ್ನೋರಿಗೆ, ಕೊಡುವಾಗಲೇ ಅವರೆದುರು ಓಡಿಸಿ ವಿಡಿಯೊ ಮಾಡಿಟ್ಟುಕೊಂಡರೆ ಸಾಕು. "ನೋಡಿ, ಓಡಿಸಿ ತಗೊಂಡಿದ್ದೇನೆ" ಅಂತ ಒಂದು ವಾಟ್ಸಾಪ್ ಮೆಸೇಜ್ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ಅಕಸ್ಮಾತ್ ಈಗಾಗಲೇ ಸ್ಕ್ಯಾನ್ ಮಾಡಿ ಪಿನ್ ಹಾಕಿ ದುಡ್ಡು ಹೋಗಿದ್ದರೆ, ನಾಚಿಕೆ ಪಡುತ್ತಾ ಕೂರಬೇಡಿ, ಅವನಿಗೆ ಫೋನ್ ಮಾಡಿ ಬೈಯುತ್ತಲೂ ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ಸಹಾಯವಾಣಿ, ಇಡೀ ದೇಶಕ್ಕೆ ಒಂದೇ ನಂಬರ್. ಬೇಗ ಹೇಳಿದಷ್ಟೂ ಒಳ್ಳೆಯದು, ಯಾಕೆಂದರೆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯಲು ಸಾಧ್ಯ. ಯುಪಿಐ ವಹಿವಾಟಿನ 12 ಅಂಕಿಯ ಗುರುತಿನ ಸಂಖ್ಯೆ, ಅಂದರೆ ಯುಟಿಆರ್ ನಂಬರ್, ಕೈಯಲ್ಲಿಟ್ಟುಕೊಳ್ಳಿ. cybercrime.gov.in ನಲ್ಲೂ ದೂರು ಹಾಕಬಹುದು, ಜಿಲ್ಲೆಯ ಸೆನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆಗೂ ಹೋಗಬಹುದು. ಬ್ಯಾಂಕಿಗೂ ಹೇಳಿ. ಪಿನ್ ನೀವೇ ಹಾಕಿದ್ದರಿಂದ ದೂರು ಕೊಡುವವರೆಗಿನ ನಷ್ಟ ನಿಮ್ಮದೇ ಅಂತ ಬ್ಯಾಂಕ್ ಹೇಳಬಹುದು, ಆದರೆ ದೂರು ಕೊಟ್ಟ ಮೇಲೂ ಖಾತೆಯಿಂದ ದುಡ್ಡು ಹೋದರೆ ಆರ್‌ಬಿಐ ನಿಯಮದ ಪ್ರಕಾರ ಅದರ ಹೊಣೆ ಬ್ಯಾಂಕಿನದು. ಚಾಟ್ ಡಿಲೀಟ್ ಮಾಡಬೇಡಿ. ಅವನ ನಂಬರ್, ಕ್ಯೂಆರ್ ಫೋಟೊ, ನಿಮ್ಮ ಜಾಹೀರಾತು ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇದೆಲ್ಲ ಆಗಿ ಒಂದೆರಡು ದಿನಕ್ಕೆ ಇನ್ನೊಂದು ಫೋನ್ ಬರಬಹುದು: ನಾವು ಸೈಬರ್ ಸೆಲ್‌ನವರು, ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಿಕೊಳ್ಳೋಕೆ ಇಷ್ಟು ಫೀಸ್ ಕಟ್ಟಿ. ಅದೂ ಅದೇ ಗ್ಯಾಂಗ್ ಇರಬಹುದು, ಇಲ್ಲಾ ಅವರಿಂದ ನಿಮ್ಮ ನಂಬರ್ ಕೊಂಡವರು. ಪೊಲೀಸರು ದುಡ್ಡು ವಾಪಸ್ ಕೊಡಿಸಲು ಫೀಸ್ ತಗೊಳ್ಳಲ್ಲ. ಹಾಗೆಯೇ ಕಸ್ಟಮರ್ ಕೇರ್ ನಂಬರ್‌ಗೆ ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ಕಳ್ಳರು ತಮ್ಮ ನಂಬರ್ ಹಾಕಿರ್ತಾರೆ. ಬ್ಯಾಂಕಿನ ನಂಬರ್ ನಿಮ್ಮ ಡೆಬಿಟ್ ಕಾರ್ಡಿನ ಹಿಂದೆಯೇ ಇರುತ್ತೆ.

ನಿಮ್ಮ ಸೋಫಾಗೆ ಮತ್ತೆ ಜಾಹೀರಾತು ಹಾಕುವಾಗ "ಬಂದು ನೋಡಿ ತಗೊಳ್ಳುವವರು ಮಾತ್ರ, ಕ್ಯಾಶ್ ಅಥವಾ ಎದುರಿಗೇ ಯುಪಿಐ" ಅಂತ ಬರೆಯಿರಿ. ಮನೆ ನಂಬರ್ ಹಾಕಬೇಡಿ, ಏರಿಯಾ ಹೆಸರು ಸಾಕು. ಬರುವ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರು ಇರಲಿ. ಹಾಂ, ಯುಪಿಐ ಹಾಕಿದರೆ ಬಂದವನದೇ ಹೆಸರಿನ ಖಾತೆಯಿಂದ ಬಂದಿದೆಯಾ ನೋಡಿಕೊಳ್ಳಿ. ಬೇರೆ ಯಾರಿಂದಲೋ ದೋಚಿದ ದುಡ್ಡನ್ನು ನಿಮ್ಮ ಖಾತೆಗೆ ತಿರುಗಿಸಿ ಸಾಮಾನು ಹೊತ್ತುಕೊಂಡು ಹೋಗುವವರಿದ್ದಾರೆ, ಆಮೇಲೆ ಆ ಕೇಸಿನಲ್ಲಿ ನಿಮ್ಮ ಖಾತೆಯೇ ಫ್ರೀಜ್ ಆಗುತ್ತೆ. ಚಾಟ್ ಮತ್ತು ಜಾಹೀರಾತಿನ ಸ್ಕ್ರೀನ್‌ಶಾಟ್ ಆಗಲೂ ಕೆಲಸಕ್ಕೆ ಬರುತ್ತೆ: ನಾನು ಸೋಫಾ ಮಾರಿದ್ದು, ಇದು ಅದರ ದುಡ್ಡು ಅಂತ ತೋರಿಸೋಕೆ.